ಗಡಾಯಿಕಲ್ಲು ಹತ್ತುವ ಮುನ್ನ ಉಮ್ಮನನ್ನೂ ಸಿದ್ಧಗೊಳಿಸಿ

ಬೆಳ್ತಂಗಡಿಯ ಸುತ್ತಮುತ್ತ ಓಡಾಡಿದವರಿಗೆ, ಕಾಜೂರಿನ ಕಡೆಗೆ ಹೋಗಿ ಬಂದವರಿಗೆ ಗಡಾಯಿಕಲ್ಲು ಹೊಸದಲ್ಲ. ತೋಟ, ಗದ್ದೆ, ಕಾಡುಗಳ ನಡುವಿನಿಂದ ಒಂಟಿಯಾಗಿ ಎದ್ದು ನಿಂತ ಆ ದೊಡ್ಡ ಬಂಡೆ ಎಷ್ಟೋ ದೂರದಿಂದ ಕಾಣಿಸುತ್ತದೆ. ಅದಕ್ಕೆ ನರಸಿಂಹಗಡ ಎಂಬ ಹೆಸರೂ ಇದೆ, ಜಮಾಲಾಬಾದ್ ಕೋಟೆ ಎಂಬ ಹೆಸರೂ ಇದೆ. ಟಿಪ್ಪು ಸುಲ್ತಾನ್ 1794ರಲ್ಲಿ ಇದರ ಮೇಲೆ ಕೋಟೆ ಕಟ್ಟಿಸಿದರು. ತನ್ನ ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟರು ಎಂಬುದು ಈ ಕಡೆಯ ರೂಢಿಯ ಮಾತು. 1799ರಲ್ಲಿ ಟಿಪ್ಪು ಹುತಾತ್ಮರಾದ ಬಳಿಕ ಕೋಟೆ ಬ್ರಿಟಿಷರ ಕೈ ಸೇರಿತು. ಈಗ ಮೇಲೆ ಉಳಿದಿರುವುದು ಪಾಳುಬಿದ್ದ ಗೋಡೆಗಳು, ಮಳೆನೀರು ಸಂಗ್ರಹಿಸುತ್ತಿದ್ದ ಕೆರೆ ಮತ್ತು ಕಣ್ಣು ತುಂಬುವ ನೋಟ.

ರಜೆ ಬಂತೆಂದರೆ ಮಂಗಳೂರಿನ ಎಷ್ಟೋ ಕುಟುಂಬಗಳು ಕಾರಿನಲ್ಲಿ ಅಲ್ಲಿಗೆ ಹೊರಡುತ್ತವೆ. ಸುಮಾರು 65 ಕಿಲೋಮೀಟರ್ ದೂರ. ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು. ಆದರೆ ಅಲ್ಲಿ ಮುಟ್ಟಿದ ಮೇಲೆ ಏನಾಗುತ್ತದೆ? ಹುಡುಗರು ಓಡುತ್ತಾ ಹತ್ತುತ್ತಾರೆ. ಅವರ ತಂದೆ ಅರ್ಧ ದಾರಿಯವರೆಗೆ ಹೋಗಿ ಏದುಸಿರು ಬಿಡುತ್ತಾ ಕೂರುತ್ತಾರೆ. ಉಮ್ಮ ಮಾತ್ರ ಊಟದ ಪಾತ್ರೆ, ಚಪ್ಪಲಿ, ಬ್ಯಾಗುಗಳನ್ನು ಕಾಯುತ್ತಾ ಕೆಳಗೆ ಕಾರಿನಲ್ಲೇ ಉಳಿಯುತ್ತಾರೆ. ತಾಯಿಯ ಹೆಸರು ಹೊತ್ತ ಬೆಟ್ಟವನ್ನು ತಾಯಂದಿರೇ ಹತ್ತದೆ ಹಿಂದಿರುಗುತ್ತಾರೆ. "ನನಗೆ ಮಂಡಿ ನೋವು, ನೀವು ಹೋಗಿ ಬನ್ನಿ" ಎಂಬ ಮಾತನ್ನು ಮನೆಯವರೆಲ್ಲರೂ ಸುಲಭವಾಗಿ ಒಪ್ಪಿಕೊಂಡು ಬಿಡುತ್ತಾರೆ.

ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ಈ ಲೇಖನ ನಿಮಗಾಗಿ. ನಲುವತ್ತು, ಐವತ್ತು ವರ್ಷದ ಆರೋಗ್ಯವಂತ ಮಹಿಳೆ ಗಡಾಯಿಕಲ್ಲು ಹತ್ತಲಾರಳು ಎನ್ನಲು ಯಾವ ಕಾರಣವೂ ಇಲ್ಲ. ಆಕೆಗೆ ಬೇಕಾದದ್ದು ಆರು ವಾರಗಳ ತಯಾರಿ ಮತ್ತು ಆಕೆಯ ವೇಗಕ್ಕೆ ತಕ್ಕಂತೆ ನಡೆಯಲು ಒಪ್ಪುವ ಕುಟುಂಬ. ತಯಾರಿಯಿಲ್ಲದೆ ಯಾರೇ ಹತ್ತಿದರೂ, ಗಟ್ಟಿಮುಟ್ಟಾಗಿ ಕಾಣುವ ಗಂಡಸೇ ಆಗಿರಲಿ, ಅಪಾಯ ತಪ್ಪಿದ್ದಲ್ಲ.

ಇದು ಎಂಥ ಬೆಟ್ಟ?

ಬಂಡೆಯ ಎತ್ತರ ಸುಮಾರು 1,700 ಅಡಿ. ಮೇಲೆ ಹೋಗಲು ಇರುವುದು ಒಂದೇ ದಾರಿ. ಆ ಕಾಲದಲ್ಲೇ ಗ್ರಾನೈಟ್ ಕಲ್ಲಿನಲ್ಲಿ ಕೊರೆದ ಮೆಟ್ಟಿಲುಗಳು ಸುಮಾರು 1,876 ಎಂದು ಲೆಕ್ಕ ಹೇಳುತ್ತಾರೆ. ಕೆಲವು ಮೆಟ್ಟಿಲುಗಳು ಗಿಡ್ಡ, ಕೆಲವು ಮೊಣಕಾಲೆತ್ತರ. ಬೇರೆ ಬದಿಗಳಲ್ಲಿ ಬಂಡೆ ನೆಟ್ಟಗೆ ಇಳಿಯುತ್ತದೆ. ಒಂದೇ ದಾರಿ ಇರುವುದರಿಂದಲೇ ಇದು ಕೋಟೆಗೆ ಯೋಗ್ಯ ಜಾಗವಾಯಿತು. ನಮಗೂ ನೆನಪಿರಬೇಕಾದ ಸಂಗತಿ ಅದೇ. ಮೇಲೆ ಯಾರಿಗಾದರೂ ಎದೆನೋವು ಬಂದರೆ, ಕಾಲು ಉಳುಕಿದರೆ ಅಲ್ಲಿಗೆ ವಾಹನ ಬರುವುದಿಲ್ಲ. ಅವರನ್ನು ಅದೇ ಮೆಟ್ಟಿಲುಗಳ ಮೇಲೆ ಎತ್ತಿಕೊಂಡೇ ಇಳಿಸಬೇಕು.

ಈ ಮೆಟ್ಟಿಲುಗಳ ಲೆಕ್ಕ ಮನೆಯ ಲೆಕ್ಕದಲ್ಲಿ ಎಷ್ಟಾಗುತ್ತದೆ ನೋಡಿ. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ಮಹಡಿಗೆ ಸರಾಸರಿ ಇಪ್ಪತ್ತು ಮೆಟ್ಟಿಲು ಎಂದಿಟ್ಟುಕೊಳ್ಳೋಣ. ಆಗ ಗಡಾಯಿಕಲ್ಲು 90ಕ್ಕೂ ಹೆಚ್ಚು ಮಹಡಿಗಳ ಕಟ್ಟಡಕ್ಕೆ ಸಮ. ಎರಡನೇ ಮಹಡಿಗೂ ಲಿಫ್ಟ್ ಹಿಡಿಯುವವರು ಒಂದು ಭಾನುವಾರ ಇದ್ದಕ್ಕಿದ್ದಂತೆ 90 ಮಹಡಿ ಹತ್ತಿದರೆ ಹೃದಯ, ಮಂಡಿ, ಸ್ನಾಯುಗಳು ಒಟ್ಟಿಗೇ ದೂರು ಹೇಳುವುದು ಸಹಜ.

ಮೊದಲು ವೈದ್ಯರ ಮಾತು

ತಯಾರಿ ಆರಂಭಿಸುವ ಮೊದಲು ಕೆಲವರು ವೈದ್ಯರನ್ನು ಕಾಣಲೇಬೇಕು. ಹೃದಯದ ಕಾಯಿಲೆ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು, ಬಿ.ಪಿ. ಹತೋಟಿಗೆ ಬಾರದವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಅಸ್ತಮಾ, ಅಪಸ್ಮಾರ ಅಥವಾ ತೀವ್ರ ರಕ್ತಹೀನತೆ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು. ಮಂಡಿ ಊದಿಕೊಂಡಿದ್ದರೆ, ನಡೆಯುವಾಗ ಮಂಡಿ ಸಿಕ್ಕಿಕೊಂಡಂತೆ ಅಥವಾ ಕೈಕೊಟ್ಟಂತೆ ಆಗುತ್ತಿದ್ದರೆ ಅವರೂ ಕೇಳಬೇಕು. ಸ್ವಲ್ಪ ನಡೆದರೂ ಎದೆ ಬಿಗಿಯಾಗುವವರು ಬೆಟ್ಟದ ಯೋಚನೆಯನ್ನು ಬದಿಗಿಟ್ಟು ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ.

ವೈದ್ಯರು ಬೇಡವೆಂದರೆ ಬೇಸರಿಸಬೇಕಾಗಿಲ್ಲ. ಬೆಟ್ಟ ಹತ್ತದಿದ್ದರೂ ಮುಂದೆ ಹೇಳುವ ನಡಿಗೆಯಲ್ಲಿ ಎಷ್ಟನ್ನು ಮಾಡಬಹುದೆಂದು ಅವರಲ್ಲೇ ಕೇಳಿ.

ಆರು ವಾರಗಳ ತಯಾರಿ

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ದೈಹಿಕ ಚಟುವಟಿಕೆ ಮಾಡಬೇಕು, ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಗೆಲಸದಲ್ಲಿ ಬೆನ್ನು, ಕೈ ದಣಿಯುತ್ತವೆ ನಿಜ. ಆದರೆ ಅಡುಗೆಮನೆಯಲ್ಲಿ ನಿಂತು ಮಾಡುವ ಕೆಲಸದಿಂದ ಹೃದಯ ಮತ್ತು ಶ್ವಾಸಕೋಶಕ್ಕೆ ಬೇಕಾದಷ್ಟು ವ್ಯಾಯಾಮ ಸಿಗುವುದಿಲ್ಲ. "ದಿನವಿಡೀ ಕೆಲಸ ಮಾಡುತ್ತೇನಲ್ಲ" ಎಂಬ ಸಮಾಧಾನ ಅಷ್ಟು ಸರಿಯಲ್ಲ.

ಮೊದಲ ವಾರ ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಕದ್ರಿ ಪಾರ್ಕ್, ಪಣಂಬೂರು ಕಡಲ ತೀರ, ಮನೆಯ ಮುಂದಿನ ರಸ್ತೆ, ಎಲ್ಲಾದರೂ ಸರಿ. ಜೊತೆಗೆ ಐದು ಮಹಡಿಯಷ್ಟು ಮೆಟ್ಟಿಲು ನಿಧಾನವಾಗಿ ಹತ್ತಿ ಇಳಿಯಿರಿ. ಎರಡನೇ ವಾರ ಹತ್ತು ಮಹಡಿ, ಮೂರನೇ ವಾರ ಹದಿನೈದು, ನಾಲ್ಕನೇ ವಾರ ಇಪ್ಪತ್ತೈದು. ವಾರಕ್ಕೆ ಮೂರು ಅಥವಾ ನಾಲ್ಕು ದಿನ ಮೆಟ್ಟಿಲು, ಉಳಿದ ದಿನ ಬರೀ ನಡಿಗೆ. ಐದನೇ ವಾರ ಬೆನ್ನಿಗೆ ಎರಡು ಲೀಟರ್ ನೀರಿನ ಬ್ಯಾಗ್ ಹಾಕಿಕೊಂಡು ಒಂದು ದಿನ ನಲುವತ್ತು ಮಹಡಿ ಹತ್ತಿ ನೋಡಿ. ನಡುನಡುವೆ ಕೂತು ದಣಿವಾರಿಸಿಕೊಳ್ಳಿ. ಆರನೇ ವಾರ ಪ್ರಮಾಣ ಕಡಿಮೆ ಮಾಡಿ, ಹೊರಡುವ ಹಿಂದಿನ ಎರಡು ದಿನ ಕಾಲುಗಳಿಗೆ ವಿಶ್ರಾಂತಿ ಕೊಡಿ. ಮಹಡಿ ಮನೆಯಲ್ಲದಿದ್ದರೆ ಮೂರು ಮೆಟ್ಟಿಲಿನ ಜಗಲಿಯನ್ನೇ ಮತ್ತೆ ಮತ್ತೆ ಹತ್ತಿ ಇಳಿದರೂ ಆಗುತ್ತದೆ. ಮಂಗಳೂರಿನ ರಸ್ತೆಗಳು ಹೇಗೂ ಏರು ತಗ್ಗಿನವು. ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ಏರು ನಡೆದರೆ ಅದೂ ತಯಾರಿಯೇ.

ಲಿಫ್ಟಿನಲ್ಲಿ ಇಳಿಯಬೇಡಿ. ಇಳಿಯುವುದನ್ನೂ ಅಭ್ಯಾಸ ಮಾಡಬೇಕು, ಯಾಕೆಂದು ಮುಂದೆ ಹೇಳುತ್ತೇವೆ.

ತೊಡೆಗೆ ಬಲ ಬರಲು ಸುಲಭದ ವ್ಯಾಯಾಮ ಒಂದಿದೆ. ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈ ಊರದೆ ಎದ್ದು ನಿಂತು, ನಿಧಾನವಾಗಿ ಮತ್ತೆ ಕುಳಿತುಕೊಳ್ಳಿ. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸರದಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಸೇರಿಸಿ. ಇದರಿಂದ ಮೀನಖಂಡ ಗಟ್ಟಿಯಾಗುತ್ತದೆ.

ವೇಗ ಎಷ್ಟಿರಬೇಕು ಎಂದು ತಿಳಿಯಲು ಯಂತ್ರ ಬೇಡ. ಹತ್ತುತ್ತಾ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಹೇಳಲು ಸಾಧ್ಯವಾದರೆ ವೇಗ ಸರಿ ಇದೆ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ನಿಧಾನಿಸಿ. ಬೆಟ್ಟದಲ್ಲೂ ಇದೇ ಅಳತೆ.

ಯಾವಾಗ ಹೋಗಬೇಕು?

ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಒಳ್ಳೆಯವು. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿ ಮೆಟ್ಟಿಲುಗಳು ಜಾರುತ್ತವೆ. ಈ ಪ್ರದೇಶ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದ್ದು, ಅರಣ್ಯ ಇಲಾಖೆ ಮಳೆಗಾಲದಲ್ಲಿ ಹತ್ತುವುದನ್ನು ನಿಷೇಧಿಸುವುದುಂಟು. ಹೊರಡುವ ಮೊದಲು ಪ್ರವೇಶ ಇದೆಯೇ ಎಂದು ವಿಚಾರಿಸಿ. ಮುಚ್ಚಿದ್ದರೆ ಕಳ್ಳದಾರಿ ಹುಡುಕಬೇಡಿ. ಮಾರ್ಚ್ ನಂತರ ಬಂಡೆ ಕಾದ ಕಾವಲಿಯಂತಾಗುತ್ತದೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಬಳಿಕ ಗುಡುಗು ಸಿಡಿಲು ಹೆಚ್ಚು. ಬಯಲು ಬಂಡೆಯ ತುದಿಯಲ್ಲಿ ಗುಡುಗು ಕೇಳಿಸಿದರೆ ಫೋಟೋಗೆ ನಿಲ್ಲದೆ ಕೂಡಲೇ ಇಳಿಯಲು ಆರಂಭಿಸಿ.

ಫಜ್ರ್ ನಮಾಝ್ ಮುಗಿಸಿ ಹೊರಟರೆ ಬಿ.ಸಿ.ರೋಡ್, ಗುರುವಾಯನಕೆರೆ ದಾರಿಯಾಗಿ ಬೆಳ್ತಂಗಡಿ ತಲುಪಿ, ಅಲ್ಲಿಂದ ಸುಮಾರು 8 ಕಿಲೋಮೀಟರ್ ಮುಂದೆ ಬೆಟ್ಟದ ಬುಡ ಸೇರಬಹುದು. ತಯಾರಿ ಇರುವ ಕುಟುಂಬಕ್ಕೆ ನಿಧಾನವಾಗಿ ಹತ್ತಲು ಎರಡು ಗಂಟೆ, ಇಳಿಯಲು ಒಂದೂವರೆ ಗಂಟೆ ಬೇಕೆಂದು ಲೆಕ್ಕ ಹಾಕಿ. ಝುಹ್ರ್ ಹೊತ್ತಿಗೆ ಕೆಳಗಿರುವಂತೆ ನೋಡಿಕೊಂಡರೆ ಸುಡುಬಿಸಿಲೂ ತಪ್ಪುತ್ತದೆ, ನಮಾಝಿಗೂ ಗಡಿಬಿಡಿಯಾಗುವುದಿಲ್ಲ. ರಮಝಾನ್‌ನಲ್ಲಿ ಅಥವಾ ಬೇರೆ ಯಾವುದೇ ಉಪವಾಸದ ದಿನ ಈ ಬೆಟ್ಟ ಬೇಡ. ನೀರು ಕುಡಿಯದೆ ಇಷ್ಟು ಹತ್ತುವುದು ದೇಹಕ್ಕೆ ಹಾನಿ, ಮುಂದಿನ ವಾರವೂ ಬೆಟ್ಟ ಅಲ್ಲೇ ಇರುತ್ತದೆ.

ನೀರು ಮತ್ತು ಆಹಾರ

ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಸುರಿಯುತ್ತದೆ, ಆದರೆ ಬೇಗ ಆರುವುದಿಲ್ಲ. ಬೆವರು ಆರಿದಾಗಲಷ್ಟೇ ದೇಹ ತಣ್ಣಗಾಗುವುದು. ಆದ್ದರಿಂದ ಡಿಸೆಂಬರ್ ಬೆಳಗಿನಲ್ಲೂ ನಮ್ಮ ದೇಹ ಬೇಗ ಕಾಯುತ್ತದೆ, ನೀರು ಮತ್ತು ಉಪ್ಪು ಎರಡೂ ಕಳೆದುಹೋಗುತ್ತವೆ.

ದೊಡ್ಡವರಿಗೆ ತಲಾ ಎರಡು ಲೀಟರ್ ನೀರು ಇರಲಿ. ಮೇಲೆ ಸಿಗುತ್ತದೆಂದು ನಂಬಬೇಡಿ. ಕೋಟೆಯ ಕೆರೆಯ ನೀರು ಕುಡಿಯಲು ತಕ್ಕುದಲ್ಲ. ಬಾಯಾರುವ ತನಕ ಕಾಯದೆ, ನಿಂತಲ್ಲೆಲ್ಲ ನಾಲ್ಕೈದು ಗುಟುಕು ಕುಡಿಯಿರಿ. ಒಮ್ಮೆಲೇ ಒಂದು ಲೀಟರ್ ಕುಡಿದರೆ ಹೊಟ್ಟೆ ಭಾರವಾಗಿ ವಾಂತಿ ಬರಬಹುದು. ಒಂದು ಬಾಟಲಿಯಲ್ಲಿ ಓ.ಆರ್.ಎಸ್. ಇರಲಿ. ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಬೇಕು. ಪ್ಯಾಕೆಟ್ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಸಕ್ಕರೆ ಕಾಯಿಲೆ, ಬಿ.ಪಿ. ಅಥವಾ ಕಿಡ್ನಿ ತೊಂದರೆ ಇರುವವರು ಇದರ ಬಗ್ಗೆ ವೈದ್ಯರನ್ನು ಮೊದಲೇ ಕೇಳಿರಲಿ.

ಬಿರಿಯಾನಿಯ ಪಾತ್ರೆ ಮನೆಗೆ ಮರಳಿದ ಮೇಲೆ ತೆರೆಯಲಿ. ಹೊಟ್ಟೆ ತುಂಬ ಮಸಾಲೆ, ಮಾಂಸ ತಿಂದು ಹತ್ತಿದರೆ ಸಂಕಟ. ಬೆಳಗ್ಗೆ ಮಾಡಿದ ಮಾಂಸದ ಅಡುಗೆ ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನದವರೆಗೆ ಉಳಿದರೆ ವಾಂತಿ ಭೇದಿಗೆ ದಾರಿ. ಹತ್ತುವ ಒಂದೂವರೆ ಗಂಟೆ ಮೊದಲು ಪತ್ತಿರ್, ಇಡ್ಲಿ, ಮೊಟ್ಟೆಯಂಥ ಹಗುರ ತಿಂಡಿ ಸಾಕು. ಬ್ಯಾಗಿನಲ್ಲಿ ಖರ್ಜೂರ, ಬಾಳೆಹಣ್ಣು, ಕಡಲೆ ಚಿಕ್ಕಿ ಇರಲಿ. ಮಂಗಗಳ ಮುಂದೆ ಪ್ಲಾಸ್ಟಿಕ್ ಚೀಲ ತೆರೆಯಬೇಡಿ, ಅವಕ್ಕೆ ತಿಂಡಿ ಕೊಡಲೂಬೇಡಿ.

ಸಕ್ಕರೆ ಕಾಯಿಲೆಯವರು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ತಿಂಡಿ ಬಿಡಬಾರದು. ಹತ್ತುವಾಗ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜು, ಕಾರಣವಿಲ್ಲದ ಸಿಡುಕು ಕಂಡರೆ ಸಕ್ಕರೆ ಇಳಿದಿದೆ ಎಂದು ತಿಳಿಯಿರಿ. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೂ ಅದೇ ಅರ್ಥ. ಕೂಡಲೇ ಕೂರಿಸಿ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ನೀರಿನಲ್ಲಿ ಕೊಡಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿ. ಸರಿಯಾದ ಮೇಲೆ ಏನಾದರೂ ತಿನ್ನಿಸಿ, ಮೇಲೆ ಹೋಗದೆ ಕೆಳಗೆ ಕರೆದುಕೊಂಡು ಬನ್ನಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಉಡುಪು ಮತ್ತು ಶೂ

ಮಹಿಳೆಯರು ಪರ್ದಾ ಪಾಲಿಸಿಕೊಂಡೇ ಧಾರಾಳವಾಗಿ ಹತ್ತಬಹುದು. ಗಮನಿಸಬೇಕಾದದ್ದು ಎರಡು. ಒಂದು, ನೆಲ ಗುಡಿಸುವಷ್ಟು ಉದ್ದದ ಬುರ್ಖಾದ ಅಂಚು ಎತ್ತರದ ಮೆಟ್ಟಿಲಿನಲ್ಲಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಇಳಿಯುವಾಗ ಹಿಂದಿನವರು ಅದನ್ನು ತುಳಿದರೆ ಮುಗ್ಗರಿಸುವುದು ಖಂಡಿತ. ಒಳಗೆ ಸಡಿಲವಾದ ಪ್ಯಾಂಟ್ ಇದ್ದು, ಮೇಲಿನ ಉಡುಪು ಕಾಲಿನ ಗಂಟಿಗಿಂತ ಸ್ವಲ್ಪ ಮೇಲೆ ನಿಂತರೆ ಹೆಜ್ಜೆ ಸಲೀಸು. ಎರಡು, ಕಪ್ಪು ನೈಲಾನ್ ಬಟ್ಟೆ ಬಿಸಿ ಹಿಡಿದಿಡುತ್ತದೆ. ತಿಳಿ ಬಣ್ಣದ ಸಡಿಲ ಹತ್ತಿ ಬಟ್ಟೆ ಗಾಳಿಯಾಡಲು ಬಿಡುತ್ತದೆ. ಹಿಜಾಬಿನ ತುದಿಯನ್ನು ಒಳಗೆ ಸೇರಿಸಿ, ಗಾಳಿಗೆ ಕಣ್ಣು ಮುಚ್ಚದಂತೆ ಪಿನ್ ಹಾಕಿಕೊಳ್ಳಿ.

ಹವಾಯಿ ಚಪ್ಪಲಿ, ಹೀಲ್ಸ್ ಬೇಡವೇ ಬೇಡ. ತಳದಲ್ಲಿ ಹಿಡಿತವಿರುವ, ಈಗಾಗಲೇ ಒಂದು ತಿಂಗಳು ತೊಟ್ಟು ಪಳಗಿಸಿದ ಶೂ ಇರಲಿ. ಹೊಸ ಶೂ ಹಾಕಿಕೊಂಡು ಹೋದರೆ ಅರ್ಧ ದಾರಿಯಲ್ಲೇ ಹಿಮ್ಮಡಿಯಲ್ಲಿ ಬೊಕ್ಕೆ ಏಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಬೊಕ್ಕೆ ಸಣ್ಣ ವಿಷಯವಲ್ಲ. ಮರಳಿದ ಮೇಲೆ ಪಾದವನ್ನು ಬೆಳಕಿನಲ್ಲಿ ಪರೀಕ್ಷಿಸಿ.

ಅತ್ತರ್ ಅಂದು ಬೇಡ. ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುವುದುಂಟು. ಗಾಢ ಪರಿಮಳ, ಹೊಗೆ, ಕಲ್ಲೆಸೆತ ಅವುಗಳನ್ನು ಕೆಣಕುತ್ತವೆ. ಜೇನು ಎದ್ದರೆ ಮುಖ ಮುಚ್ಚಿಕೊಂಡು ಅಲ್ಲಿಂದ ದೂರ ಸರಿಯಿರಿ, ಆದರೆ ಅಂಚಿನ ಕಡೆಗೆ ಓಡಬೇಡಿ. ಚುಚ್ಚಿದ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ತುಟಿ, ಕಣ್ಣು ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಅಥವಾ ಹತ್ತಾರು ಕಡೆ ಚುಚ್ಚಿದ್ದರೆ ತಕ್ಷಣ ಆಸ್ಪತ್ರೆಗೆ.

ಶುಚಿತ್ವದ ಮಾತು

"ದಾರಿಯಲ್ಲಿ ಶೌಚಕ್ಕೆ ಎಲ್ಲಿ ಹೋಗುವುದು" ಎಂದು ಹೆದರಿ ಎಷ್ಟೋ ಹೆಣ್ಣುಮಕ್ಕಳು ಬೆಳಗ್ಗಿನಿಂದ ನೀರನ್ನೇ ಕುಡಿಯುವುದಿಲ್ಲ. ಇದು ಕೆಟ್ಟ ಅಭ್ಯಾಸ. ನೀರು ಕಡಿಮೆಯಾಗಿ, ಮೂತ್ರ ಕಟ್ಟಿಕೊಂಡು ಉರಿಮೂತ್ರದ ಸೋಂಕು ಬರುತ್ತದೆ, ತಲೆಸುತ್ತೂ ಬರುತ್ತದೆ. ಬೆಳ್ತಂಗಡಿ ಪೇಟೆ ದಾಟುವ ಮೊದಲೇ ಹೋಟೆಲ್ ಅಥವಾ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಎಲ್ಲರೂ ಶೌಚ ಮುಗಿಸಿಕೊಳ್ಳಿ. ಬೆಟ್ಟದಲ್ಲಿ ಅನಿವಾರ್ಯವಾದರೆ ದಾರಿಯಿಂದ, ಕೆರೆಯಿಂದ ದೂರ, ಅಂಚಿನಿಂದಲೂ ದೂರ ಹೋಗಿ. ಜೊತೆಗೊಬ್ಬರು ಕಾವಲಿರಲಿ. ಶುಚಿಗೊಳಿಸಲು ಪ್ರತ್ಯೇಕ ಸಣ್ಣ ಬಾಟಲಿ, ಒಂದು ತುಂಡು ಸಾಬೂನು ಇಟ್ಟುಕೊಳ್ಳಿ. ಮುಟ್ಟಿನ ದಿನಗಳಾದರೂ ಆರಾಮವಿದ್ದರೆ ಹತ್ತಬಹುದು. ಹೆಚ್ಚಿಗೆ ಪ್ಯಾಡ್ ಇರಲಿ, ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿ ಮನೆಗೇ ತನ್ನಿ.

ಮೇಲೆಯೇ ನಮಾಝಿನ ಸಮಯವಾದರೆ ಕುಡಿಯಲು ಬೇಕಾದ ನೀರನ್ನು ವುಝೂಗೆ ಖಾಲಿ ಮಾಡಬೇಕಾಗಿಲ್ಲ. ಇಂಥ ಸಂದರ್ಭಕ್ಕೆಂದೇ ತಯಮ್ಮುಮಿನ ರಿಯಾಯಿತಿ ಇದೆ.

ಈ ಭಾಗದ ಕಾಡಿಗೆ ಹೋಗುವವರು ಮಂಗನ ಕಾಯಿಲೆಯ ಬಗ್ಗೆಯೂ ತಿಳಿದಿರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ 1980ರ ದಶಕದಲ್ಲಿ ಬೆಳ್ತಂಗಡಿ ತಾಲೂಕಿನಲ್ಲೂ ಕಾಣಿಸಿಕೊಂಡಿತ್ತು. ಕಾಡಿನ ಉಣ್ಣೆ ಅಂದರೆ ಉಣುಗು ಹುಳ ಕಚ್ಚುವುದರಿಂದ ಇದು ಬರುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಇದರ ಕಾಲ. ಪೂರ್ತಿ ತೋಳಿನ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಒಣ ಎಲೆಯ ರಾಶಿಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಸ್ನಾನ ಮಾಡಿ, ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ನೋಡಿ. ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಮುಂದಿನ ಎರಡು ವಾರಗಳೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ "ಕಾಡಿಗೆ ಹೋಗಿದ್ದೆ" ಎಂದು ವೈದ್ಯರಿಗೆ ಮರೆಯದೆ ಹೇಳಿ. ಮಳೆ ಬಿದ್ದ ದಿನಗಳಲ್ಲಿ ಉಂಬಳ ಹತ್ತಿದರೆ ಎಳೆದು ಕೀಳದೆ, ಉಗುರನ್ನು ಚರ್ಮಕ್ಕೆ ತಾಗಿಸಿ ಬದಿಗೆ ಸರಿಸಿ ಬಿಡಿಸಿ, ಗಾಯವನ್ನು ಸಾಬೂನಿನಿಂದ ತೊಳೆಯಿರಿ.

ಹತ್ತುವಾಗ ಯಾರು ಮುಂದೆ?

ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿರಲಿ. ಅವರ ವೇಗವೇ ಎಲ್ಲರ ವೇಗ. ಹುಡುಗರು ಮುಂದೆ ಓಡಿ, ತಾಯಿ ಹಿಂದೆ ಉಳಿದರೆ ಅವರನ್ನು ಹಿಡಿಯುವ ಅವಸರದಲ್ಲಿ ಆಕೆ ಮೀರಿ ದಣಿಯುತ್ತಾಳೆ. ಆಕೆ ತಲುಪುವಷ್ಟರಲ್ಲಿ ದಣಿವಾರಿಸಿಕೊಂಡ ಹುಡುಗರು ಮತ್ತೆ ಹೊರಡುತ್ತಾರೆ, ಆಕೆಗೆ ವಿಶ್ರಾಂತಿಯೇ ಸಿಗುವುದಿಲ್ಲ. ಉಮ್ಮನನ್ನು ಮುಂದೆ ಬಿಟ್ಟು ನಡೆಯುವುದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ. ನೂರು ಮೆಟ್ಟಿಲಿಗೊಮ್ಮೆ ಎರಡು ನಿಮಿಷ ನಿಲ್ಲಿ. ಸಣ್ಣ ಮಕ್ಕಳ ಕೈ ಬಿಡಬೇಡಿ. ತುದಿಯಲ್ಲಿ ಬಂಡೆಯಂಚಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬಾರದೆಂಬ ನಿಯಮ ದೊಡ್ಡವರಿಗೂ ಅನ್ವಯಿಸಲಿ.

ಹಿಂದಿರುಗುವ ಸಮಯವನ್ನು ಕೆಳಗೆಯೇ ನಿಗದಿ ಮಾಡಿ. ಉದಾಹರಣೆಗೆ, ಹತ್ತೂವರೆಗೆ ಎಲ್ಲಿದ್ದೇವೋ ಅಲ್ಲಿಂದ ಇಳಿಯುವುದು. ತುದಿಗೆ ಇನ್ನೂರು ಮೆಟ್ಟಿಲು ಉಳಿದಿದ್ದರೂ ಸರಿ. ಯಾರಾದರೊಬ್ಬರು ಹಿಂದಿರುಗುತ್ತೇನೆ ಎಂದರೆ ಒಬ್ಬರೇ ಇಳಿಯಲು ಬಿಡಬೇಡಿ, ಜೊತೆಗೊಬ್ಬರು ಹೋಗಲಿ. ಹಿಂದಿರುಗಿದವರನ್ನು ಕಾರಿನಲ್ಲಿ ಗೇಲಿ ಮಾಡುವುದೂ ಬೇಡ. ಗೇಲಿಗೆ ಹೆದರಿ ನೋವು ಮುಚ್ಚಿಟ್ಟು ಹತ್ತುವವರೇ ಅಪಾಯಕ್ಕೆ ಸಿಲುಕುವುದು.

ಈ ಲಕ್ಷಣಗಳು ಕಂಡರೆ ಅಲ್ಲಿಗೇ ನಿಲ್ಲಿಸಿ: ಎದೆಯಲ್ಲಿ ಬಿಗಿತ ಅಥವಾ ಭಾರ, ನೋವು ಎಡಗೈ, ದವಡೆ, ಬೆನ್ನಿಗೆ ಹರಡುವುದು, ಕೂತರೂ ಇಳಿಯದ ಏದುಸಿರು, ತಣ್ಣನೆಯ ಬೆವರು. ಮಹಿಳೆಯರಲ್ಲಿ ಹೃದಯಾಘಾತ ಕೆಲವೊಮ್ಮೆ ಎದೆನೋವಿಲ್ಲದೆ ಬರೀ ವಾಕರಿಕೆ, ಬೆನ್ನುನೋವು, ಎಂದಿಲ್ಲದ ಸುಸ್ತಾಗಿ ಬರುತ್ತದೆ. "ಗ್ಯಾಸ್ ಆಗಿರಬೇಕು" ಎಂದು ತಳ್ಳಿಹಾಕಬೇಡಿ. ರೋಗಿಯನ್ನು ನೆರಳಿನಲ್ಲಿ ಒರಗಿಸಿ ಕೂರಿಸಿ, ನಡೆಸಬೇಡಿ, 108 ಅಥವಾ 112ಕ್ಕೆ ಕರೆ ಮಾಡಿ, ಒಬ್ಬರನ್ನು ಕೆಳಗಿನ ಅರಣ್ಯ ಸಿಬ್ಬಂದಿಯ ಬಳಿಗೆ ಕಳುಹಿಸಿ. ಬಿಸಿಲಿಗೆ ಮೈ ಸುಡುತ್ತಾ ಮಾತು ತೊದಲಿದರೆ, ಗೊಂದಲವಾದರೆ ಅದು ಬಿಸಿಲಿನ ಆಘಾತ. ಬಟ್ಟೆ ಸಡಿಲಿಸಿ, ಕುತ್ತಿಗೆ, ಕಂಕುಳಿಗೆ ನೀರು ಹಾಕಿ ಗಾಳಿ ಬೀಸುತ್ತಾ ಸಹಾಯಕ್ಕೆ ಕರೆಯಿರಿ. ಸಮೀಪದ ತಾಲೂಕು ಆಸ್ಪತ್ರೆ ಬೆಳ್ತಂಗಡಿಯಲ್ಲಿದೆ.

ಇಳಿಯುವುದೇ ಕಷ್ಟ

ಹತ್ತುವಾಗ ಹೃದಯಕ್ಕೆ ಕೆಲಸ, ಇಳಿಯುವಾಗ ಮಂಡಿಗೆ. ಮೆಟ್ಟಿಲು ಇಳಿಯುವ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ದೇಹದ ತೂಕದ ಮೂರು ಪಟ್ಟಿಗೂ ಹೆಚ್ಚು ಭಾರ ಬೀಳುತ್ತದೆ. 65 ಕಿಲೋ ತೂಕದವರ ಮಂಡಿ ಪ್ರತಿ ಹೆಜ್ಜೆಗೂ ಸುಮಾರು 200 ಕಿಲೋ ತಡೆಯಬೇಕು. ತೊಡೆಯ ಸ್ನಾಯು ಗಟ್ಟಿಯಾಗಿದ್ದರೆ ಆ ಹೊರೆಯಲ್ಲಿ ಪಾಲು ತೆಗೆದುಕೊಳ್ಳುತ್ತದೆ, ಸೊರಗಿದ್ದರೆ ಎಲ್ಲವೂ ಕೀಲಿನ ಮೇಲೆಯೇ. ಇಳಿಯುವ ಅಭ್ಯಾಸ, ಕುರ್ಚಿಯ ವ್ಯಾಯಾಮ ಬೇಕೆಂದದ್ದು ಇದಕ್ಕೇ.

ಇಳಿಯುವಾಗ ಮಂಡಿ ಸ್ವಲ್ಪ ಬಾಗಿರಲಿ, ಪಾದ ಪೂರ್ತಿ ಊರಲಿ. ಎತ್ತರದ ಮೆಟ್ಟಿಲಿನಲ್ಲಿ ಅಡ್ಡಲಾಗಿ ತಿರುಗಿ ಇಳಿಯಿರಿ. ಒಂದು ಗಟ್ಟಿ ಕೋಲು ಇದ್ದರೆ ಮಂಡಿಯ ಭಾರ ಇಳಿಯುತ್ತದೆ. ಮಾತು, ಮೊಬೈಲ್ ಎರಡೂ ನಿಂತಾಗ ಮಾತ್ರ. ಕೆಳಗೆ ತಲುಪುವ ಖುಷಿಯಲ್ಲಿ ಕಾಲು ದಣಿದಿರುವುದು ಮರೆತುಹೋಗುತ್ತದೆ. ಕೊನೆಯ ಇನ್ನೂರು ಮೆಟ್ಟಿಲುಗಳಲ್ಲಿ ಇನ್ನಷ್ಟು ಎಚ್ಚರವಿರಲಿ.

ಮರುದಿನ ತೊಡೆ, ಮೀನಖಂಡ ನೋಯುತ್ತವೆ. ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ. ಹಾಸಿಗೆ ಹಿಡಿಯದೆ ಸ್ವಲ್ಪ ಸ್ವಲ್ಪ ನಡೆಯಿರಿ, ನೀರು ಕುಡಿಯಿರಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಒಂದೇ ಕಾಲಿನ ಮೀನಖಂಡ ಊದಿ ಕೆಂಪಾದರೆ, ಮಂಡಿ ಊದಿಕೊಂಡರೆ ವೈದ್ಯರನ್ನು ಕಾಣಿ.

ಮೇಲೆ ಏನಿದೆ?

ಇಷ್ಟೆಲ್ಲ ತಯಾರಿ ಮಾಡಿ ಮೇಲೆ ಹೋದರೆ ಸಿಗುವುದೇನು? ಕುದುರೆಮುಖದ ಸಾಲು ಬೆಟ್ಟಗಳು ಗೋಡೆಯಂತೆ ನಿಂತಿರುತ್ತವೆ. ಕೆಳಗೆ ಬೆಳ್ತಂಗಡಿಯ ಕಣಿವೆ, ಅಡಕೆ ತೋಟಗಳ ಕಡುಹಸಿರು, ನಡುವೆ ಹೆಂಚಿನ ಮಾಡುಗಳು. ಚಳಿಗಾಲದ ಬೆಳಗಿನಲ್ಲಿ ಕಣಿವೆಯ ತುಂಬ ಮಂಜು ನಿಂತು, ಬಿಸಿಲೇರಿದಂತೆ ಒಂದೊಂದೇ ತೋಟ ಮೇಲೇಳುತ್ತದೆ. ಬೆವರಿದ ಮುಖಕ್ಕೆ ಗಾಳಿ ಬೀಸುವಾಗ ಬಾಯಿಂದ ಸುಬ್‌ಹಾನಲ್ಲಾಹ್ ಎಂಬ ಮಾತು ತಾನಾಗಿ ಹೊರಡುತ್ತದೆ. ಆ ನೋಟವನ್ನು ಉಮ್ಮ ಮಗನ ಮೊಬೈಲಿನ ಫೋಟೋದಲ್ಲಿ ನೋಡುವುದಕ್ಕಿಂತ ಸ್ವಂತ ಕಣ್ಣಿನಲ್ಲಿ ನೋಡಲಿ. ನೀರಿನ ಬಾಟಲಿ, ಚಿಕ್ಕಿಯ ಕಾಗದ, ಪ್ಯಾಡ್, ಎಲ್ಲವೂ ಕೆಳಗೆ ಬರಲಿ. ಕೋಟೆಯ ಗೋಡೆಯಲ್ಲಿ ಹೆಸರು ಕೆತ್ತುವುದು ಬೇಡ.

ಬೆಟ್ಟ ಹತ್ತಿ ಬಂದ ಮೇಲೂ ಈ ಅಭ್ಯಾಸವನ್ನು ನಿಲ್ಲಿಸದಿದ್ದರೆ ನಿಜವಾದ ಲಾಭ. ವಾರಕ್ಕೆ 150 ನಿಮಿಷದ ನಡಿಗೆ ಮುಂದುವರಿದರೆ ಸಕ್ಕರೆ, ಬಿ.ಪಿ. ಹತೋಟಿಯಲ್ಲಿಡಲು ಅದು ನೆರವಾಗುತ್ತದೆ, ನಿದ್ರೆ ಸುಧಾರಿಸುತ್ತದೆ. ಅದಕ್ಕೆ ಮನೆಯವರು ದಿನಕ್ಕೆ ಅರ್ಧ ಗಂಟೆ ಆಕೆಯ ಕೆಲಸವನ್ನು ಹಂಚಿಕೊಳ್ಳಬೇಕು. ಪಾತ್ರೆ ತೊಳೆಯಲು ಮಗ, ಮಗುವನ್ನು ನೋಡಿಕೊಳ್ಳಲು ಗಂಡ ಸಿದ್ಧರಾದರೆ ಆಕೆಯ ನಡಿಗೆಗೆ ಸಮಯ ತಾನಾಗಿ ಸಿಗುತ್ತದೆ.

ಇಂದು ಅಸರ್ ನಮಾಝಿನ ಬಳಿಕ ಉಮ್ಮನ ಜೊತೆ ನಿಮ್ಮ ಕಟ್ಟಡದ ಮೆಟ್ಟಿಲನ್ನು ಐದು ಮಹಡಿಯವರೆಗೆ ನಿಧಾನವಾಗಿ ಹತ್ತಿ ಇಳಿಯಿರಿ. ನಾಳೆ ನಡಿಗೆ. ಆರು ವಾರಗಳ ನಂತರದ ಒಂದು ರಜಾದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.